ಮಗ ಬಿಟ್ಟುಕೊಟ್ಟ ಎತ್ತರಗಳು

ನಮ್ಮ ಬಂಟ್ವಾಳದ ಕಡೆ ಆಟವೆಂದರೆ ಕಬಡ್ಡಿ, ಅದು ಬಿಟ್ಟರೆ ವಾಲಿಬಾಲ್. ಕ್ರಿಕೆಟ್ಟನ್ನು ನಾನು ಆಟದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಜ್ವರದ ಜಾತಿಯದ್ದು. ಹೀಗಿರುವಾಗ ನನ್ನ ಮಗ ಪೋಲ್ ವಾಲ್ಟ್ ಎಂಬ, ನಮ್ಮ ಮನೆಯಲ್ಲಿ ಯಾರ ನಾಲಿಗೆಯೂ ಸರಿಯಾಗಿ ಹೊರಳದ ಆಟವೊಂದನ್ನು ಹಿಡಿದುಕೊಂಡ. ಉದ್ದನೆಯ ಫೈಬರ್ ಕೋಲು ಹಿಡಿದು ಓಡಿ ಬರಬೇಕು, ಅದರ ತುದಿಯನ್ನು ನೆಲದಲ್ಲಿ ಹುಗಿದ ಬಾಕ್ಸಿಗೆ ಊರಬೇಕು, ಕೋಲು ಬಿಲ್ಲಿನ ಹಾಗೆ ಬಾಗಿ ಚಿಮ್ಮಿದಾಗ ಕಾಲು ಮೇಲೆ ಮಾಡಿ ಬಾರನ್ನು ದಾಟಿ ಆಚೆಯ ಹಾಸಿನ ಮೇಲೆ ಬೀಳಬೇಕು. ಇಷ್ಟನ್ನು ಅವನು ಫೋನಿನಲ್ಲಿ ವಿವರಿಸಿದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಯಾಕೆ?"

ಪ್ರಶ್ನೆ ನ್ಯಾಯವಾದದ್ದೇ. ಮೇಲೆ ಹೋಗಿ ಏನನ್ನಾದರೂ ಕೊಯ್ದು ತಂದರೆ ಅದಕ್ಕೊಂದು ಅರ್ಥ ಉಂಟು. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬೀಳುವುದು ಎಂಥ ಆಟ? ಅವನು ನಕ್ಕ. "ಒಂದು ಸಲ ನೋಡಿ ಉಪ್ಪ, ಮತ್ತೆ ನೀವು ಯಾಕೆ ಅಂತ ಕೇಳುವುದಿಲ್ಲ" ಎಂದ. ನಮ್ಮಲ್ಲಿ ತಂದೆಗೆ ಉಪ್ಪ, ತಾಯಿಗೆ ಉಮ್ಮ. ಮನೆಯೊಳಗೆ ನಾವು ಆಡುವುದು ಬ್ಯಾರಿ ಭಾಷೆ. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಬರೆಯುವುದಕ್ಕೆ ನನಗೆ ಗೊತ್ತಿರುವುದು ಶಾಲೆಯಲ್ಲಿ ಕಲಿತ ಕನ್ನಡವೊಂದೇ.

ನಾನಾಗ ಗಲ್ಫಿನಲ್ಲಿದ್ದೆ. ಅಲ್ಲಿಯ ಒಂದು ಕೆಫೆಟೇರಿಯಾದಲ್ಲಿ ಕೌಂಟರ್ ನೋಡಿಕೊಳ್ಳುವ ಕೆಲಸ. ಚಹಾ, ಪರೋಟ, ಮೊಟ್ಟೆ ಸ್ಯಾಂಡ್‌ವಿಚ್. ಮದುವೆಯಾದ ವರ್ಷ ಹೋದವನು ಮಗನಿಗೆ ಮೀಸೆ ಬಲಿತ ಮೇಲೂ ಅಲ್ಲೇ ಇದ್ದೆ. ರಜೆಯಲ್ಲಿ ಬಂದರೆ ನೆಂಟ, ಹೋದ ಮೇಲೆ ಗೋಡೆಯ ಫೋಟೊ. ಹೆಂಡತಿ ಮಕ್ಕಳಿಬ್ಬರನ್ನು ಕಟ್ಟಿಕೊಂಡು ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯಲ್ಲಿ, ತನ್ನ ತವರಿನ ಪಕ್ಕದಲ್ಲಿ ಇದ್ದಳು. ಬಂಟ್ವಾಳದಲ್ಲಿ ನಮ್ಮದೇ ಮನೆ ಎದ್ದದ್ದು ಆಮೇಲೆ.

ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಬಸ್ಸು ಬೇಕಾದಷ್ಟು. ಅಲ್ಲಿಯ ಒಬ್ಬರು ವ್ಯಾಯಾಮ ಶಿಕ್ಷಕರ ಕಣ್ಣಿಗೆ ಮಗ ತಾಲೂಕು ಮಟ್ಟದ ಕ್ರೀಡಾಕೂಟದಲ್ಲಿ ಬಿದ್ದಿದ್ದ. ಅವರನ್ನು ಎಲ್ಲರೂ ಮಾಸ್ಟ್ರು ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಹುಡುಗ ಹಾಸ್ಟೆಲಿನಲ್ಲಿ ನಿಂತು ಅವರ ಕೈಕೆಳಗೆ ಕಲಿತ. ಒಮ್ಮೆ ರಜೆಗೆ ಬರುವಾಗ ಹಳೆಯ ಪೋಲೊಂದನ್ನು ಬಸ್ಸಿನ ಮೇಲೆ ಕಟ್ಟಿ ಊರಿಗೆ ತಂದನಂತೆ. ಅಡಿಕೆ ಕೊಯ್ಯುವ ದೋಟಿಯೆಂದು ತಿಳಿದ ಕಂಡಕ್ಟರು, "ಯಾರ ತೋಟದಲ್ಲಿ ಕೊಯ್ಲು ಮಾರಾಯ?" ಎಂದು ಕೇಳಿದ್ದಾನೆ. ಮನೆಯಲ್ಲಿ ಅದನ್ನು ಮಾಡಿನ ಕೆಳಗೆ ಅಡ್ಡಲಾಗಿ ಕಟ್ಟಿಟ್ಟರೆ, ಅವನ ಉಮ್ಮ ಮಾರನೆಯ ದಿನವೇ ಒದ್ದೆ ಬಟ್ಟೆ ಹರವಿದ್ದಾಳೆ. ಇವನು ಕಿರುಚಾಡಿದ್ದಕ್ಕೆ ಅವಳು, "ಬಟ್ಟೆಯಾದರೂ ಒಣಗಲಿ, ನಿನ್ನ ಕೋಲಿನಿಂದ ಬೇರೆ ಎಂಥ ಉಪಕಾರ ಉಂಟು?" ಎಂದಳಂತೆ. ಇವೆಲ್ಲ ನನಗೆ ಫೋನಿನಲ್ಲಿ ಬಂದ ಕಥೆಗಳು. ನನ್ನ ಸಂಸಾರವೇ ನನಗೆ ಫೋನಿನಲ್ಲಿ ಬಂದದ್ದು.

ಅವನು ಹಾರುವ ವಿಡಿಯೊಗಳೂ ಬರುತ್ತಿದ್ದವು. ಅದರಲ್ಲೊಂದು ತಮಾಷೆ. ವಿಡಿಯೊ ತೆಗೆಯುವವರು ಅವನ ಸ್ನೇಹಿತರು. ಇವನು ಓಡಿ ಬರುವವರೆಗೆ ಎಲ್ಲ ಸರಿಯಾಗಿ ಕಾಣುತ್ತಿತ್ತು, ಕೋಲು ಊರಿದ್ದೇ ತಡ, ತೆಗೆಯುವವನೂ ಜೊತೆಗೆ ಹಾರಿಬಿಡುತ್ತಿದ್ದ. ಆಮೇಲೆ ಒಂದಿಷ್ಟು ಆಕಾಶ, ಒಂದಿಷ್ಟು ಹುಲ್ಲು, ಬೊಬ್ಬೆ. ಬಾರಿನ ಮೇಲೆ ಇರುವ ನನ್ನ ಮಗನನ್ನು ನಾನು ಒಂದೇ ಒಂದು ವಿಡಿಯೊದಲ್ಲೂ ಕಂಡವನಲ್ಲ. ಕೆಫೆಟೇರಿಯಾಕ್ಕೆ ಬರುವ ಗಿರಾಕಿಗಳಿಗೂ ಆ ಆಕಾಶವನ್ನೇ ತೋರಿಸಿ, "ನನ್ನ ಮಗ" ಎನ್ನುತ್ತಿದ್ದೆ. ಅವರು ತಲೆದೂಗುತ್ತಿದ್ದರು, ಚಹಾ ಬೇಕಲ್ಲ.

ಗಲ್ಫಿಗೆ ಹೋದವರ ಮನೆಗಳಲ್ಲಿ ಒಂದು ಕ್ರಮ ಉಂಟು. ಯಾವ ಒಳ್ಳೆಯ ಕೆಲಸವೂ ಯಜಮಾನ ರಜೆಯಲ್ಲಿ ಬರುವವರೆಗೆ ಶುರುವಾಗುವುದಿಲ್ಲ. ಮಗಳ ಕಿವಿ ಚುಚ್ಚಬೇಕೇ, ಉಪ್ಪ ಬರಲಿ. ಬಾವಿಗೆ ಜಾಗ ನೋಡಬೇಕೇ, ಉಪ್ಪ ಬರಲಿ. ನನ್ನ ತಮ್ಮನ ಮದುವೆಯ ದಿನವನ್ನು ಹುಡುಗನ ಕಡೆಯವರೂ ನಿಶ್ಚಯಿಸಲಿಲ್ಲ, ಹುಡುಗಿಯ ಕಡೆಯವರೂ ನಿಶ್ಚಯಿಸಲಿಲ್ಲ, ನನಗೆ ರಜೆ ಕೊಡುವ ಅಂಗಡಿಯ ಧಣಿ ನಿಶ್ಚಯಿಸಿದ. ಬಂಟ್ವಾಳದ ಹೊಸ ಮನೆಯ ಒಕ್ಕಲಿನ ದಿನ ನನ್ನ ವಿಮಾನ ತಡವಾಗಿತ್ತು. ಅಡುಗೆಯೆಲ್ಲ ಆಗಿ, ಬಿರಿಯಾನಿಯ ಹಂಡೆಯ ಮುಚ್ಚಳ ತೆಗೆಯದೆ, ಚಪ್ಪರದ ತುಂಬ ನೆಂಟರು ಹಸಿದುಕೊಂಡು ಕೂತಿದ್ದರು. ನಾನು ಗೇಟಿನಲ್ಲಿ ಕಾಣಿಸಿದ ಮೇಲೆಯೇ ಮುಚ್ಚಳ ತೆಗೆದದ್ದು. ನನಗೆ ಆ ಬಗ್ಗೆ ಹೆಮ್ಮೆಯಿತ್ತು. ಜೊತೆಯಲ್ಲಿ ಇರಲಾರದ ಮನುಷ್ಯನಿಗೆ ಮನೆಯವರು ಕೊಡಬಹುದಾದ ಮರ್ಯಾದೆ ಅದೊಂದೇ. ಮಗ ಬೆಳೆದದ್ದು 'ಉಪ್ಪ ಬರಲಿ' ಎಂಬ ಈ ಮಾತನ್ನು ಕೇಳಿಕೊಂಡೇ.

ಇಂತಿರುವಾಗ ಒಂದು ದಿನ ಅವನ ಫೋನು. ಅಂತರರಾಷ್ಟ್ರೀಯ ಮಟ್ಟದ ಕಿರಿಯರ ಅಥ್ಲೆಟಿಕ್ಸ್ ಕೂಟಕ್ಕೆ ಭಾರತದ ತಂಡದಲ್ಲಿ ಅವನ ಹೆಸರು ಬಂದಿದೆ. ಕೂಟ ನಡೆಯುವುದು ಎಲ್ಲಿ? ನಾನಿದ್ದ ಊರಿನಲ್ಲಿ. ನನ್ನ ಕೋಣೆಯಿಂದ ಟ್ಯಾಕ್ಸಿ ಹಿಡಿದರೆ ಅರ್ಧ ಗಂಟೆಯ ದಾರಿ. ನಾನು ಚಹಾದ ಪಾತ್ರೆಯ ಮುಂದೆ ನಿಂತಿದ್ದವನು ಕೂತುಬಿಟ್ಟೆ. ಹೆಂಡತಿ ಅತ್ತಳು, ಅವಳು ಖುಷಿಗೂ ಅಳುವವಳೇ. ಮಾಸ್ಟ್ರು ಮಗನ ಕೈಯಿಂದ ಫೋನು ತೆಗೆದುಕೊಂಡು ಹೇಳಿದರು, "ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ಅಲ್ಲಿ ಒಂದು ಮರ್ಯಾದೆಯ ಎತ್ತರ ಹಾರಿದ್ರೆ ಇವನನ್ನು ರಾಷ್ಟ್ರೀಯ ಶಿಬಿರಕ್ಕೆ ತೆಗೀತಾರೆ. ಒಳ್ಳೆ ಪೋಲು, ಒಳ್ಳೆ ಕೋಚು, ಎಲ್ಲ ಅಲ್ಲಿ ಉಂಟು. ನನ್ನಿಂದ ಆಗುವಷ್ಟು ನಾನು ಕಲಿಸಿ ಆಯ್ತು. ಇನ್ನು ಅಲ್ಲಿಗೆ ಹೋಗದಿದ್ರೆ ಇವ ಇಲ್ಲಿಗೇ ನಿಲ್ತಾನೆ." ಮಗನಿಗೆ ಬೇಕಾಗಿದ್ದದ್ದೂ ಅದೊಂದೇ, ಆ ಶಿಬಿರ. ಬೇರೆ ಏನನ್ನೂ ಅವನು ನನ್ನಲ್ಲಿ ಕೇಳಿದವನಲ್ಲ.

ತಂಡ ಬಂದಿಳಿದ ದಿನ ಹೋಟೆಲಿನ ಲಾಬಿಯಲ್ಲಿ ಅವನನ್ನು ಕಂಡೆ. ನನಗಿಂತ ಒಂದು ಗೇಣು ಎತ್ತರ ಆಗಿದ್ದ. ಎದೆಯ ಮೇಲೆ ದೇಶದ ಹೆಸರಿರುವ ಅಂಗಿ. ಅಪ್ಪಿಕೊಳ್ಳಬೇಕೋ ಕೈ ಕೊಡಬೇಕೋ ಎಂದು ನಾವಿಬ್ಬರೂ ಸ್ವಲ್ಪ ಹೊತ್ತು ಒದ್ದಾಡಿದೆವು. "ಉಪ್ಪ, ನೀವು ಎಲ್ಲಿ ಕೂತ್ಕೊಳ್ತೀರಿ?" ಎಂದು ಕೇಳಿದ. ಪೋಲ್ ವಾಲ್ಟಿನ ಓಟದ ದಾರಿಗೆ ಎದುರಾಗಿ, ಕೆಳಗಿನ ಸಾಲಿನಲ್ಲೇ ಕೂತುಕೊಳ್ಳಿ, ಅಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂದ. ಸಂಜೆ ಶುರುವಾಗುವ ಹೊತ್ತನ್ನೂ ಹೇಳಿದ. ಅದಕ್ಕೂ ಮುಂಚೆಯೇ ಬಂದು ಕೂತಿರುತ್ತೇನೆ ಎಂದು ನಾನು ಹೇಳಿದೆ.

ಸ್ಪರ್ಧೆಯ ದಿನ ಬೆಳಿಗ್ಗೆ ಕೋಣೆಯಲ್ಲಿ ಕೋಳಿ ಸಾರು ಮಾಡಿದೆ. ತೆಳ್ಳಗಿನ ಅಕ್ಕಿ ರೊಟ್ಟಿ, ನಮ್ಮ ಪತ್ತಿರಿ, ಮಾಡಿ ಬಾಳೆಲೆ ಸಿಗದೆ ಬೆಣ್ಣೆ ಕಾಗದದಲ್ಲಿ ಸುತ್ತಿದೆ. ಮಧ್ಯಾಹ್ನದ ಮೇಲಿನ ಪಾಳಿಗೆ ಬರಬೇಕಾದವನು ಕನ್ಯಾನದ ಕಡೆಯವನು, ಒಳ್ಳೆಯ ಮನುಷ್ಯ. ಅವನಿಗೆ ಅವತ್ತೇ ವೀಸಾದ ಕೆಲಸಕ್ಕೆ ಕಚೇರಿಯಿಂದ ಕರೆ. ಬೇಗ ಮುಗಿಸಿ ಬರುತ್ತೇನೆ ಎಂದಿದ್ದ. ಅಲ್ಲಿಯ ಸಾಲು ಕರಗಲಿಲ್ಲ. ಅಂಗಡಿ ಮುಚ್ಚುವ ಹಾಗಿಲ್ಲ, ಮುಚ್ಚಿದರೆ ಧಣಿ ಮತ್ತೆ ತೆರೆಯಲು ಬೇರೆಯವರನ್ನು ಇಡುತ್ತಾನೆ. ನಾನು ಗಡಿಯಾರ ನೋಡುತ್ತ ಪರೋಟ ಮಗುಚಿದೆ. ಗಿರಾಕಿಯೊಬ್ಬ ಸಕ್ಕರೆ ಹೆಚ್ಚಾಯಿತೆಂದ. ಅವನ ಮೇಲೆ ಹಾರಿಬಿದ್ದೆ, ಪಾಪ, ಸಕ್ಕರೆ ನಿಜವಾಗಿಯೂ ಹೆಚ್ಚಾಗಿತ್ತು.

ಕನ್ಯಾನದವನು ಓಡಿಕೊಂಡು ಬರುವಾಗ ಸ್ಪರ್ಧೆ ಶುರುವಾಗಿ ಬಹಳ ಹೊತ್ತಾಗಿತ್ತು. ಟ್ಯಾಕ್ಸಿಯಲ್ಲಿ ಹೋಗುವಾಗ ಎಲ್ಲ ಸಿಗ್ನಲ್ಲುಗಳೂ ಕೆಂಪು. ಸ್ಟೇಡಿಯಮ್ಮಿನ ಗೇಟಿನಲ್ಲಿ ಕಾವಲಿನವನು ಬುತ್ತಿ ಒಳಗೆ ಬಿಡುವುದಿಲ್ಲ ಎಂದ. ನನ್ನ ಅರಬ್ಬಿ, ಅವನ ಉರ್ದು ಒಂದಕ್ಕೊಂದು ತಾಗಲಿಲ್ಲ. ಕೊನೆಗೆ ಬುತ್ತಿಯನ್ನು ಅವನ ಕುರ್ಚಿಯ ಕೆಳಗೆ ಇಟ್ಟು, ತಿಂದರೆ ತಿನ್ನಲಿ ಎಂದು ಒಳಗೆ ಓಡಿದೆ.

ಮಗ ಹೇಳಿದ ಜಾಗಕ್ಕೇ ಹೋದೆ. ಹುಡುಗರು ಒಬ್ಬೊಬ್ಬರಾಗಿ ಹಾರುತ್ತಿದ್ದರು. ಇವನು ಬೆಂಚಿನ ಮೇಲೆ ತಲೆಗೆ ಟವೆಲ್ ಹೊದ್ದು ಕೂತಿದ್ದ. ನಾನು ಎದ್ದು ನಿಂತು, ಬಸ್ಸು ನಿಲ್ಲಿಸುವವರ ಹಾಗೆ ಎರಡೂ ಕೈ ಬೀಸಿದೆ. ಅವನು ಕಂಡ. ಕಂಡ ಕೂಡಲೇ ಟವೆಲ್ ಎಸೆದು ಎದ್ದ, ಕೈಗೆ ಪುಡಿ ಹಚ್ಚಿಕೊಂಡ, ಪೋಲು ಎತ್ತಿಕೊಂಡ. ಅಬ್ಬ, ಎಷ್ಟು ಸರಿಯಾದ ಹೊತ್ತಿಗೆ ಬಂದೆ ಎಂದು ನನಗೆ ಖುಷಿಯಾಯಿತು. ಇವನ ಸರದಿ ಈಗಷ್ಟೇ ಬಂತು ಎಂದುಕೊಂಡೆ.

ಅವನು ಓಡಿ ಬಂದದ್ದನ್ನು ನಾನು ಹೇಗೆ ಬರೆಯಲಿ. ಕೋಲು ಊರಿದ, ಅದು ಬಾಗಿತು, ಇವನ ಕಾಲುಗಳು ಮೇಲೆ ಹೋದವು, ಮತ್ತೂ ಮೇಲೆ ಹೋದವು. ತಲೆ ಕೆಳಗಾಗಿ, ದೀಪದ ಬೆಳಕಿನಲ್ಲಿ, ನನ್ನ ಮಗ ಎರಡಂತಸ್ತಿನ ಮನೆಯಷ್ಟು ಎತ್ತರದಲ್ಲಿ ಇದ್ದ. ಆವರೆಗೆ ನಾನು ಆಕಾಶ ಮಾತ್ರ ನೋಡಿದ್ದವನು. ಆಮೇಲೆ ಅವನ ಎದೆ ಬಾರಿಗೆ ತಾಗಿತು, ಬಾರೂ ಅವನೂ ಒಟ್ಟಿಗೆ ಕೆಳಗೆ ಬಂದರು. ಪರವಾಗಿಲ್ಲ ಎಂದು ನಾನು ಚಪ್ಪಾಳೆ ಹೊಡೆದೆ.

ಸ್ವಲ್ಪ ಹೊತ್ತಿನ ಮೇಲೆ ಎರಡನೆಯ ಸಲ ಬಂದ. ಆಗಲೂ ಬಾರು ಬಿತ್ತು. ಮೂರನೆಯ ಸಲ ಬರುವ ಮುಂಚೆ ಬಹಳ ಹೊತ್ತು ಪೋಲು ಹಿಡಿದು ನಿಂತ, ನನ್ನ ಕಡೆ ನೋಡಿದ. ನಾನು ಹೆಬ್ಬೆರಳು ತೋರಿಸಿದೆ. ಅವನು ಹಾರಿದ ಮೂರರಲ್ಲಿ ಎಲ್ಲಕ್ಕಿಂತ ಎತ್ತರ ಹೋದದ್ದು ಅದೇ. ದಾಟಿದನೆಂದೇ ನಾನು ಕೂಗಿದೆ, ಬಾರು ಸ್ವಲ್ಪ ನಡುಗಿ, ಯೋಚಿಸಿ, ಬಿತ್ತು. ಅವನು ಹಾಸಿನ ಮೇಲೆ ಮುಖ ಮುಚ್ಚಿಕೊಂಡು ಮಲಗಿದ್ದ. ಆಮೇಲೆ ಎದ್ದು, ನನ್ನ ಕಡೆ ತಿರುಗಿ, ಕೈ ಎತ್ತಿದ. ನಾನು ಅಂಗೈ ಉರಿಯುವ ತನಕ ಚಪ್ಪಾಳೆ ಹೊಡೆದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಆ ಸ್ಟೇಡಿಯಮ್ಮಿನಲ್ಲಿ ಅವತ್ತು ಕೋಣ ನಾನೇ.

ಏಕೆಂದರೆ ನನಗೆ ಗೊತ್ತಿದ್ದದ್ದು ಕಬಡ್ಡಿ. ಒಂದು ಸಲ ಔಟಾದರೆ ಮತ್ತೆ ಒಳಗೆ ಬರಬಹುದು, ಇಲ್ಲಿ ಹೋದ ಅಂಕ ಅಲ್ಲಿ ಸಿಗುತ್ತದೆ. ಬಾರು ಬಿದ್ದರೆ ಒಂದೆರಡು ಅಂಕ ಕಡಿಮೆಯಾಗಬಹುದು, ಆದರೂ ಅಷ್ಟು ಎತ್ತರ ಹೋದದ್ದಕ್ಕೆ ಸಿಗಬೇಕಾದದ್ದು ಸಿಗುತ್ತದೆ ಎಂದು ನಾನು ತಿಳಿದಿದ್ದೆ. ಬೇರೆಯವರೂ ಬಾರು ಬೀಳಿಸಿದ್ದನ್ನು ಕಂಡಿದ್ದೆನಲ್ಲ. ಮೂರು ಸಲ ಸತತ ಬೀಳಿಸಿದರೆ ಆಟ ಮುಗಿಯಿತು, ಮುಂಚೆ ಒಂದನ್ನೂ ದಾಟದವನಿಗೆ ಎತ್ತರವೇ ಇಲ್ಲ, ಬಂದದ್ದೂ ಬಾರದ್ದೂ ಒಂದೇ ಎಂದು ನನಗೆ ಯಾರು ಹೇಳಬೇಕು?

ಹೇಳಬೇಕಾದವನು ಹೇಳಲಿಲ್ಲ. ಸ್ಟೇಡಿಯಮ್ಮಿನ ಹೊರಗೆ ಫುಟ್‌ಪಾತಿನ ಕಟ್ಟೆಯ ಮೇಲೆ ಕೂತು ನಾವು ಬುತ್ತಿ ಬಿಚ್ಚಿದೆವು. ಕಾವಲಿನವನು ಮುಟ್ಟಿರಲಿಲ್ಲ. ಮಗ ತಂಡದ ಕೋಚಿನ ಹತ್ತಿರ ಸ್ವಲ್ಪ ಹೊತ್ತಿಗೆ ಅಪ್ಪಣೆ ಕೇಳಿ ಬಂದಿದ್ದ. ಅವನ ಕಣ್ಣು ಕೆಂಪಾಗಿತ್ತು, ಪುಡಿ ಹೋಗಿರಬೇಕು ಎಂದುಕೊಂಡೆ.

"ಏನು ಎತ್ತರ ಮೋನೆ! ನೀನು ಕೆಳಗೆ ಬರ್ಲಿಕ್ಕಿಲ್ಲ ಅಂತ ಗ್ರಹಿಸಿದೆ ನಾನು" ಎಂದೆ. ಮೋನೆ ಎಂದರೆ ನಮ್ಮಲ್ಲಿ ಮಗನೇ ಎಂದು.

"ಹೌದಾ ಉಪ್ಪ" ಎಂದ.

"ಮೆಡಲ್ ಸಿಗ್ತದಾ?"

"ಇಲ್ಲ ಉಪ್ಪ. ಬೇರೆಯವರು ನನಗಿಂತ ಒಳ್ಳೆದು ಹಾರಿದ್ರು."

"ಸಿಗದಿದ್ರೆ ಬೇಡ. ಶಿಬಿರ ಉಂಟಲ್ಲ. ಇಷ್ಟು ಹಾರಿದವನನ್ನು ಬಿಡ್ತಾರಾ ಅವರು?"

ಅವನು ಪತ್ತಿರಿಯನ್ನು ಸಾರಿನಲ್ಲಿ ಅದ್ದಿ, ಬಾಯಿಗೆ ಇಟ್ಟುಕೊಂಡು, ಬಹಳ ಹೊತ್ತು ಜಗಿದ. "ಸಾರು ಉಮ್ಮ ಮಾಡಿದ ಹಾಗೆಯೇ ಆಗಿದೆ" ಎಂದ. ನನಗೆ ಹಿಗ್ಗೋ ಹಿಗ್ಗು. ಇನ್ನೊಂದು ಹಾಕಿಕೋ, ಇನ್ನೊಂದು ಹಾಕಿಕೋ ಎಂದು ಬುತ್ತಿ ಖಾಲಿಯಾಗುವ ತನಕ ತಿನ್ನಿಸಿದೆ. ಅವನು ಬೇಡ ಎನ್ನಲಿಲ್ಲ. ಆ ತುತ್ತುಗಳು ಅವನ ಗಂಟಲಲ್ಲಿ ಹೇಗೆ ಇಳಿದಿರಬಹುದು ಎಂದು ಈಗ ಯೋಚಿಸಿದರೆ ನನಗೆ ಊಟ ಸೇರುವುದಿಲ್ಲ.

ಕೋಣೆಗೆ ಹೋದವನೇ ಊರಿಗೆಲ್ಲ ಫೋನು ಮಾಡಿದೆ. ಹೆಂಡತಿಗೆ, ತಮ್ಮನಿಗೆ, ಬಂಟ್ವಾಳದ ನಮ್ಮ ಯುವಕರ ಸಂಘದವರಿಗೆ. ಮನೆಯ ಮಾಡಿಗಿಂತ ಮೇಲೆ ಹೋದ, ಸ್ಟೇಡಿಯಮ್ಮೇ ಎದ್ದು ನಿಂತಿತು ಎಂದೆ. ಎದ್ದು ನಿಂತದ್ದು ನಾನೊಬ್ಬ. ಹೆತ್ತವರಿಗೆ ಹೆಗ್ಗಣ ಮುದ್ದು, ನನ್ನದಂತೂ ಹೆಗ್ಗಣವಲ್ಲ. ಗೆದ್ದ ಎಂದು ನಾನು ಹೇಳಲಿಲ್ಲ, ಆದರೆ ಕೇಳಿದವರಿಗೆ ಹಾಗೆಯೇ ಕೇಳಿಸಿರಬೇಕು.

ಸಂಘದವರು ಸುಮ್ಮನಿರುವ ಜಾತಿಯಲ್ಲ. ಹುಡುಗ ಊರಿಗೆ ಬರುವುದರೊಳಗೆ ರಸ್ತೆ ತಿರುವಿನಲ್ಲಿ ಆಳೆತ್ತರದ ಫ್ಲೆಕ್ಸ್ ಎದ್ದಿತ್ತು. ಅಂತರರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅಮೋಘ ಸಾಧನೆಗೈದ ನಮ್ಮೂರ ಹೆಮ್ಮೆಯ ಕುವರನಿಗೆ ಆದರದ ಸ್ವಾಗತ. ಕೆಳಗೆ ಸಂಘದ ಎಲ್ಲರ ಪಾಸ್‌ಪೋರ್ಟ್ ಅಳತೆಯ ಮುಖಗಳು. ತೆರೆದ ಜೀಪಿನಲ್ಲಿ ನಿಲ್ಲಿಸಿ ಮೆರವಣಿಗೆ ಮಾಡಿದರು. ಅದರ ವಿಡಿಯೊ ನನಗೂ ಬಂತು. ಈ ಸಲ ತೆಗೆದವನ ಕೈ ಅಲುಗಿರಲಿಲ್ಲ, ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಕೊರಳಲ್ಲಿ ಹಾರ, ಕೈ ಜೋಡಿಸಿದ್ದಾನೆ, ನಗುತ್ತಿದ್ದಾನೆ, ಮತ್ತು ಯಾರನ್ನೂ ನೋಡುತ್ತಿಲ್ಲ. ದಣಿದಿದ್ದಾನೆ ಪಾಪ ಎಂದು ನಾನು ಹೆಂಡತಿಗೆ ಹೇಳಿದೆ.

ನಾಲ್ಕು ದಿನ ಕಳೆದಿರಲಿಕ್ಕಿಲ್ಲ. ಚಹಾದಂಗಡಿಯಲ್ಲಿ ಕೂತ ಯಾರೋ ಒಬ್ಬ ಶಿಕ್ಷಕ ನಿಜ ಸಂಗತಿ ಬಿಡಿಸಿ ಹೇಳಿದನಂತೆ. ಹುಡುಗನಿಗೆ ಅಲ್ಲಿ ಸೊನ್ನೆ, ಕೊನೆಯ ಸ್ಥಾನವೂ ಇಲ್ಲ, ಕೊನೆಯ ಸ್ಥಾನ ಸಿಗಬೇಕಾದರೂ ಒಂದು ಸಲ ದಾಟಬೇಕು ಎಂದು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಫ್ಲೆಕ್ಸನ್ನು ಇಳಿಸುವ ಪುರಸೊತ್ತೂ ಸಂಘದವರಿಗೆ ಇರಲಿಲ್ಲ. ಹುಡುಗ ಹೋಗುವಾಗ ಬರುವಾಗ ಅದರ ಕೆಳಗಿಂದಲೇ ಹೋಗಬೇಕು. "ಅಮೋಘ ಸಾಧನೆ ಬಂತು ನೋಡು" ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತಿದ್ದರಂತೆ. ಹೆಂಡತಿ ಫೋನು ಮಾಡಿ ಒಂದೇ ಮಾತು ಹೇಳಿದಳು, "ನೀವು ಇನ್ನು ಮುಂದೆ ಯಾರಿಗೂ ಫೋನ್ ಮಾಡುವುದು ಬೇಡ. ಹುಡುಗನಿಗೆ ಅಲ್ಲಿ ಎಂಥದೂ ಸಿಗಲಿಲ್ಲ. ನಿಮಗೆ ಬೇಸರ ಆಗ್ತದೆ ಅಂತ ಅವ ಹೇಳದೆ ಕೂತದ್ದು." ನಾನು ಕೌಂಟರಿನ ಹಿಂದೆ ನಿಂತು ಕೇಳಿದೆ. ಮುಂದೆ ನಿಂತವನು ಎರಡು ಚಹಾ ಎಂದ. ಎರಡು ಚಹಾ ಕೊಟ್ಟೆ.

ಶಿಬಿರದ ಕರೆ ಬರಲಿಲ್ಲ. ಮುಂದಿನ ವರ್ಷ ರಾಜ್ಯ ಮಟ್ಟದ ಕೂಟದಲ್ಲೂ ಏನೂ ಆಗಲಿಲ್ಲ ಎಂದರು, ಆಮೇಲೆ ಮೂಡುಬಿದಿರೆ ಬಿಟ್ಟು ಮನೆಗೆ ಬಂದ. ಸೋತದ್ದಕ್ಕೆ ಬಿಟ್ಟ ಎಂದು ನಾನು ತಿಳಿದೆ. ಸೋಲದ ಮನುಷ್ಯ ಯಾರಿದ್ದಾನೆ, ಇಷ್ಟಕ್ಕೆ ಬಿಡುವುದೇ ಎಂದು ಫೋನಿನಲ್ಲಿ ಬೈದೆ ಕೂಡ. ಅವನು ಕೇಳಿಸಿಕೊಂಡ. ಈಗ ಗುರುವಾಯನಕೆರೆಯ ಟೈಲ್ಸ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾನೆ. ನಾನೂ ವೀಸಾ ಮುಗಿಸಿಕೊಂಡು ಬಂಟ್ವಾಳಕ್ಕೆ ಬಂದು ಕೂತಿದ್ದೇನೆ.

ಕಳೆದ ವರ್ಷ ಮಗಳ ಮದುವೆಗೆ ಕರೆಯಲು ಮೂಡುಬಿದಿರೆಗೆ ಹೋದೆ. ಮಾಸ್ಟ್ರು ಮೈದಾನದಲ್ಲಿದ್ದರು, ಮಳೆ ಬರುವ ಹಾಗಿತ್ತು, ಹಾಸಿನ ಮೇಲೆ ಟಾರ್ಪಾಲು ಹೊದೆಸುತ್ತಿದ್ದರು. ಕಾಗದ ತೆಗೆದುಕೊಂಡು, ಬರುತ್ತೇನೆ ಎಂದರು. ನಾನು ಸುಮ್ಮನೆ ಬರಬಹುದಿತ್ತು. ಆ ಬಾಕ್ಸು, ಆ ಓಟದ ದಾರಿ ಕಂಡು ಬಾಯಿ ಸುಮ್ಮನಿರಲಿಲ್ಲ.

"ಮಾಸ್ಟ್ರೇ, ಒಂದು ಸಲ ಸೋತದ್ದಕ್ಕೆ ಬಿಟ್ಟುಬಿಡುವುದಾ ಇವನು?"

ಅವರು ಟಾರ್ಪಾಲಿನ ಹಗ್ಗ ಕೈಯಲ್ಲಿ ಹಿಡಿದು ನಿಂತರು. "ಬಿಟ್ಟದ್ದಲ್ಲ ಮಾರಾಯ್ರೆ. ಅವನಿಂದ ಆಗ್ಲಿಲ್ಲ. ಓಡಿ ಬರ್ತಾನೆ, ಬಾಕ್ಸಿನ ಹತ್ರ ಬಂದು ನಿಲ್ತಾನೆ. ಕಾಲು ಏಳುವುದೇ ಇಲ್ಲ. ಒಂದು ವರ್ಷ ಇಡೀ ಪ್ರಯತ್ನ ಮಾಡಿದ. ಓಡುವುದು, ನಿಲ್ಲುವುದು. ನನಗೇ ನೋಡ್ಲಿಕ್ಕೆ ಆಗ್ತಿರಲಿಲ್ಲ."

"ಅಲ್ಲಿ ಸೋತದ್ದು ಅಷ್ಟು ಮನಸ್ಸಿಗೆ ಹಿಡಿದದ್ದಾ?"

"ಹಾರಿ ಸೋತಿದ್ರೆ ಬೇರೆ ಮಾತು. ನೀವು ಬರುವವರೆಗೆ ಅವ ಹಾರ್ಲೇ ಇಲ್ಲ ಅಲ್ವಾ?" ಎಂದರು. ನನ್ನ ಮುಖ ನೋಡಿ ಅವರ ಸ್ವರ ಇಳಿಯಿತು. "ನಿಮಗೆ ಗೊತ್ತಿಲ್ವಾ?"

ಗೊತ್ತಿಲ್ಲ ಎಂದೆ. ಅವರು ನನ್ನನ್ನು ಹಾಸಿನ ಅಂಚಿನ ಮೇಲೆ ಕೂರಿಸಿ ಹೇಳಿದರು. ಈ ಆಟದಲ್ಲಿ ಬೇಡವೆಂದ ಎತ್ತರವನ್ನು ಹಾರದೆ ಬಿಟ್ಟುಕೊಡಬಹುದು, ಅದಕ್ಕೆ ಪಾಸ್ ಎನ್ನುತ್ತಾರೆ. ಗಟ್ಟಿಗರು ಶಕ್ತಿ ಉಳಿಸಲಿಕ್ಕೆ ಹಾಗೆ ಮಾಡುವುದುಂಟು. "ಅಲ್ಲಿ ನಾಲ್ಕು ಮೀಟರ್ ನಲವತ್ತಕ್ಕೆ ಶುರು. ಅದು ಇವನಿಗೆ ನಿದ್ದೆಯಲ್ಲಿ ಹಾರುವ ಎತ್ತರ. ಮೊದಲು ಅದನ್ನು ಹಾರು, ಹೆಸರಿನ ಎದುರು ಒಂದು ಎತ್ತರ ಬೀಳಲಿ, ಮತ್ತೆ ಧೈರ್ಯದಲ್ಲಿ ಮೇಲೆ ಹೋಗುವ ಅಂತ ಇಲ್ಲೇ ಕೂತು ಮಾತಾಡಿದ್ದು ನಾವು. ಅವ ಪಾಸ್ ಅಂದ. ನಾಲ್ಕು ಅರವತ್ತು, ಪಾಸ್. ನಾಲ್ಕು ಎಪ್ಪತ್ತೈದು, ಪಾಸ್. ನಾನು ಇಲ್ಲಿ ಫೋನು ನೋಡಿಕೊಂಡು ಬೊಬ್ಬೆ ಹೊಡೀತಾ ಇದ್ದೇನೆ. ಅಲ್ಲಿಯ ಕೋಚು ಗ್ರಹಿಸಿದ್ದು ಹುಡುಗನಿಗೆ ಭಾರೀ ಧೈರ್ಯ ಅಂತ. ಮೈಯೆಲ್ಲ ತಣ್ಣಗಾದ ಮೇಲೆ ನಾಲ್ಕು ಎಂಬತ್ತೈದಕ್ಕೆ ಎದ್ದ. ತಣ್ಣಗಾದ ಮೈಯಲ್ಲಿ ಅದು ಹೋಗ್ತದಾ? ಮರುದಿನ ಫೋನಲ್ಲಿ ಚೆನ್ನಾಗಿ ಬೈದೆ. ಯಾಕೆ ಕೂತದ್ದು ನೀನು ಅಂತ ಕೇಳಿದೆ. 'ಉಪ್ಪ ಬಂದಿರ್ಲಿಲ್ಲ ಸರ್' ಅಂದ."

ಅವರು ಹಗ್ಗವನ್ನು ಗೂಟಕ್ಕೆ ಸುತ್ತಿದರು. "ಉಪ್ಪನಿಗೆ ಹೇಳಬೇಡಿ ಅಂತ ನನ್ನ ಹತ್ರ ಮಾತು ತಕ್ಕೊಂಡಿದ್ದ. ಹೇಳಬಾರದಿತ್ತು ನಾನು. ನೀವೇ ಅವನನ್ನು ಬೈಲಿಕ್ಕೆ ಶುರು ಮಾಡಿದ್ರಿ, ನನಗೆ ತಡೀಲಿಕ್ಕೆ ಆಗ್ಲಿಲ್ಲ."

ಬಸ್ಸಿನಲ್ಲಿ ಅತ್ತೆ. ಪಕ್ಕದಲ್ಲಿ ಕೂತವರು ನೋಡುತ್ತಿದ್ದರು, ನೋಡಲಿ ಎಂದು ಅತ್ತೆ. ನಾನು ಅಲ್ಲಿ ಗಡಿಯಾರ ನೋಡುತ್ತ ಪರೋಟ ಮಗುಚುತ್ತಿದ್ದ ಹೊತ್ತಿಗೆ ಇವನು ಸ್ಟೇಡಿಯಮ್ಮಿನಲ್ಲಿ ನನ್ನ ಖಾಲಿ ಕುರ್ಚಿಯನ್ನು ನೋಡುತ್ತ ಒಂದೊಂದೇ ಎತ್ತರವನ್ನು ಬಿಟ್ಟುಕೊಡುತ್ತಿದ್ದ. ಕನ್ಯಾನದವನ ಮೇಲೆ ಸಿಟ್ಟು ಬಂತು, ಧಣಿಯ ಮೇಲೆ ಬಂತು, ಕೆಂಪು ಸಿಗ್ನಲ್ಲುಗಳ ಮೇಲೆ ಬಂತು. ಉಪ್ಪ ಬರಲಿ ಎಂದು ನನ್ನ ಮಕ್ಕಳಿಗೆ ಕಲಿಸಿದ ಇಡೀ ಮನೆತನದ ಮೇಲೆ ಬಂತು. ಬಿರಿಯಾನಿಯಾದರೆ ಕಾಯುತ್ತದೆ. ಬಾರು ಯಾರಿಗಾಗಿಯೂ ಕೆಳಗೆ ಇಳಿಯುವುದಿಲ್ಲ, ಒಮ್ಮೆ ಮೇಲೆ ಹೋದರೆ ಹೋಯಿತು.

ಎಷ್ಟೋ ದಿನ ಮಗನ ಹತ್ತಿರ ಈ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಮದುವೆ ಮುಗಿದು ಮನೆ ಖಾಲಿಯಾದ ಮೇಲೆ, ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಊಟ ಮಾಡಿ ಇಬ್ಬರೇ ಚಾವಡಿಯಲ್ಲಿ ಕೂತಿದ್ದಾಗ, ಬೈಯುವ ಸ್ವರದಲ್ಲೇ ಕೇಳಿಬಿಟ್ಟೆ. ಬೇರೆ ಸ್ವರದಲ್ಲಿ ಕೇಳಿದ್ದರೆ ನನಗೆ ಮಾತು ಮುಗಿಸಲು ಆಗುತ್ತಿರಲಿಲ್ಲ.

"ಅಲ್ಲಿ ಎಂಥಕ್ಕೆ ನನ್ನನ್ನು ಕಾದದ್ದು ನೀನು? ನಾನು ಯಾವ ಊರಿನ ಮಂತ್ರಿ?"

"ಮಾಸ್ಟ್ರು ಹೇಳಿದ್ರಾ?" ಎಂದ. "ಒಂದು ಎತ್ತರ ಬಿಡುವ, ಅಷ್ಟರಲ್ಲಿ ಬರ್ತೀರಿ ಅಂತ ಗ್ರಹಿಸಿದೆ. ಮತ್ತೆ ಇನ್ನೊಂದು. ಬಿಟ್ಟ ಮೇಲೆ ಹಿಂದೆ ಹೋಗ್ಲಿಕ್ಕೆ ಆಗುವುದಿಲ್ಲ ಅಲ್ವಾ."

"ನಾನು ನೋಡದಿದ್ರೆ ಎಂಥ ಆಗ್ತಿತ್ತು? ಹಾರಿದ್ರೆ ಶಿಬಿರ ಸಿಗ್ತಿತ್ತು ನಿನಗೆ!"

"ನೀವು ನೋಡದ್ದು ತುಂಬಾ ಉಂಟಲ್ಲ ಉಪ್ಪ" ಎಂದ. "ಇದೊಂದನ್ನಾದ್ರೂ ಶುರುವಿಂದ ನೋಡಲಿ ಅಂತ."

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಮಳೆ ಬಂತು ಎಂದು ಹೇಳುವ ಹಾಗೆ ಹೇಳಿದ. ಒಳಗೆ ಅವನ ಉಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

"ಈಗ ನಾನು ಇಲ್ಲೇ ಇದ್ದೇನಲ್ಲ ಮೋನೆ" ಎಂದೆ. "ಒಂದು ಸಲ ಮೂಡುಬಿದಿರೆಗೆ ಹೋಗುವ. ಮಾಸ್ಟ್ರ ಹತ್ರ ನಾನು ಮಾತಾಡ್ತೇನೆ. ಸಣ್ಣ ಎತ್ತರ ಸಾಕು, ನನ್ನ ತಲೆಯಷ್ಟು ಎತ್ತರದಲ್ಲಿ ಇಟ್ಟರೂ ಸಾಕು. ನೀನು ದಾಟುವುದನ್ನು ಒಂದು ಸಲ ನೋಡ್ತೇನೆ. ಬೆಳಿಗ್ಗೆಯೇ ಬಂದು ಕೂತಿರ್ತೇನೆ."

ಅವನು ನನ್ನ ಕಡೆ ತಿರುಗಿ ನಕ್ಕ. ಚಿಕ್ಕ ಮಕ್ಕಳಿಗೆ ಇಲ್ಲ ಎನ್ನುವಾಗ ದೊಡ್ಡವರು ನಗುತ್ತಾರಲ್ಲ, ಹಾಗೆ.

"ಈಗ ನನಗೆ ಹಾರ್ಲಿಕ್ಕೆ ಬರುವುದಿಲ್ಲ ಉಪ್ಪ" ಎಂದ. ಅಂಗಡಿಗೆ ಹೊತ್ತಾಯಿತೆಂದು ಬೈಕಿನ ಕೀಲಿ ತೆಗೆದುಕೊಂಡು ಎದ್ದ.